ಲೈಬ್ರರಿ ಬರೆದು ಹಂಚುವ ಗೆಳೆಯರಿಗೆ

ಪೈಥಾನ್‌ನಲ್ಲಿ ಪ್ಯಾಕೇಜ್ ಬರೆದು ಎಲ್ಲರಿಗೂ ಉಚಿತವಾಗಿ ಹಂಚುತ್ತಿರುವ ಕನ್ನಡದ ಯುವ ಗೆಳೆಯ ಗೆಳತಿಯರಿಗೆ,



ಮೊದಲು ಕೃತಜ್ಞತೆ ಹೇಳಿ ಆಮೇಲೆ ಮಾತಿಗೆ ಬರುತ್ತೇನೆ. ಹಗಲೆಲ್ಲ ಕಂಪನಿಯಲ್ಲೋ ಕಾಲೇಜಿನಲ್ಲೋ ದುಡಿದು, ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತೀರಿ. ಹಳೆಯ ನುಡಿ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ತರುವುದು, ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವುದು, ಊರಿನ ಮಳೆ ಲೆಕ್ಕವನ್ನು ಗ್ರಾಫ್ ಮಾಡುವುದು, ಇಂಥ ಪುಟ್ಟ ಪುಟ್ಟ ಕೆಲಸಗಳಿಗೆ ಲೈಬ್ರರಿ ಬರೆದು ಪೈಪಿಐಗೆ ಹಾಕುತ್ತೀರಿ. ಯಾರೂ ಕೇಳಿರುವುದಿಲ್ಲ, ಯಾರೂ ಕಾಸು ಕೊಡುವುದಿಲ್ಲ. ನಿಮ್ಮಂಥವರು ಬರೆದದ್ದನ್ನು ಬಳಸಿಕೊಂಡೇ ನನ್ನಂಥವರ ಸಂಬಳದ ಕೆಲಸ ನಡೆಯುತ್ತಿದೆ.

ಈ ಪತ್ರದಲ್ಲಿ ನಿಮ್ಮ ಕೋಡ್‌ನ ತಂಟೆಗೆ ನಾನು ಬರುವುದಿಲ್ಲ. ಕೋಡ್ ಪಕ್ಕದಲ್ಲೇ ಇರುವ ಪೈಪ್ರಾಜೆಕ್ಟ್ ಫೈಲಿನಲ್ಲಿ ಡಿಪೆಂಡೆನ್ಸಿಗಳ ಪಟ್ಟಿ ಅಂತ ನಾಲ್ಕೈದು ಸಾಲು ಬರೆಯುತ್ತೀರಲ್ಲ, ಅಷ್ಟೇ ನನ್ನ ವಿಷಯ. ಆ ಸಾಲುಗಳನ್ನು ಎಷ್ಟೋ ಜನ ರಿಲೀಸ್ ಮಾಡುವ ಕೊನೆಯ ಗಳಿಗೆಯಲ್ಲಿ ಬರೆಯುತ್ತಾರೆ. ಒಬ್ಬರು ಬರೀ ಹೆಸರು ಬರೆದು ಸುಮ್ಮನಾಗುತ್ತಾರೆ, ವರ್ಷನ್ ಸುದ್ದಿಯೇ ಇರುವುದಿಲ್ಲ. ಇನ್ನೊಬ್ಬರು ಆ ದಿನ ತಮ್ಮ ಲ್ಯಾಪ್‌ಟಾಪಿನಲ್ಲಿ ಏನಿತ್ತೋ ಅದಕ್ಕೇ ಸಮ ಚಿಹ್ನೆ ಹಾಕಿ ಬಿಗಿಯುತ್ತಾರೆ. ಮೂರನೆಯವರದು ಪೊಯೆಟ್ರಿಯಂಥ ಟೂಲ್ ತಾನೇ ತುಂಬಿಕೊಟ್ಟದ್ದು. ಅದರಲ್ಲಿ ಏನಿದೆ ಎಂದು ಅವರು ತಿರುಗಿ ಓದಿರುವುದೂ ಇಲ್ಲ.

ಆ ಸಾಲಿನ ಅರ್ಥ ಇಷ್ಟು: "ಈ ವರ್ಷನ್‌ನಿಂದ ಆ ವರ್ಷನ್‌ವರೆಗೆ ನನ್ನ ಕೋಡ್ ನಡೆಯುತ್ತದೆ. ನಡೆಸಿ ನೋಡಿದ್ದೇನೆ." ನೀವು ಎಂದೂ ಮುಖ ನೋಡದ ಜನ ಆ ಮಾತನ್ನು ನಂಬಿ ತಮ್ಮ ಕೆಲಸ ಕಟ್ಟುತ್ತಾರೆ. ನಡೆಸಿ ನೋಡಿದ್ದನ್ನಷ್ಟೇ ಅಲ್ಲಿ ಬರೆಯಿರಿ, ನೋಡದ್ದನ್ನು ಹೆದರಿ ಮುಚ್ಚಬೇಡಿ ಎಂಬುದು ನನ್ನ ಒಟ್ಟು ಕೋರಿಕೆ. ಏಕೆ ಎನ್ನುವುದಕ್ಕೆ ಸ್ವಲ್ಪ ಉದ್ದದ ವಿವರಣೆ ಬೇಕು, ತಾಳ್ಮೆಯಿಂದ ಓದಿ.

ಪೈಥಾನ್‌ನ ಒಂದು ಕಟ್ಟುಪಾಡಿನಿಂದ ಶುರು ಮಾಡೋಣ. ಒಂದು ಎನ್ವಿರಾನ್‌ಮೆಂಟ್‌ನಲ್ಲಿ ಒಂದು ಪ್ಯಾಕೇಜ್‌ನ ಒಂದೇ ವರ್ಷನ್ ಇರಬಹುದು. ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ ಒಂದೇ ಲೈಬ್ರರಿಯ ಎರಡು ಮೂರು ಪ್ರತಿಗಳನ್ನು ಒಳಒಳಗೆ ಇಟ್ಟುಕೊಳ್ಳುತ್ತದೆ. ರಸ್ಟ್‌ನ ಕಾರ್ಗೋ ಕೂಡ ಎರಡು ಮೇಜರ್ ವರ್ಷನ್‌ಗಳನ್ನು ಅಕ್ಕಪಕ್ಕ ಕೂರಿಸುತ್ತದೆ. ನಮ್ಮಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ಪಿಪ್ ಮಾಡುವ ಕೆಲಸ ಮದುವೆಗೆ ಮುಹೂರ್ತ ಹುಡುಕುವಂಥದ್ದು. ಗಂಡಿನ ಮನೆಯವರು ಆಷಾಢ ಕಳೆದ ಮೇಲೆ ಯಾವಾಗಲಾದರೂ ಆದೀತು ಎಂದರೆ, ಹೆಣ್ಣಿನ ಮನೆಯವರು ದೀಪಾವಳಿಯ ಒಳಗೆ ಆಗಲಿ ಎಂದರೆ, ಪುರೋಹಿತರು ಪಂಚಾಂಗ ತಿರುವಿ ಒಂದು ದಿನ ತೆಗೆಯುತ್ತಾರೆ. ಒಬ್ಬರು ಈ ಗುರುವಾರವೇ ಆಗಬೇಕು, ಇನ್ನೊಬ್ಬರು ಮುಂದಿನ ಸೋಮವಾರವೇ ಆಗಬೇಕು ಎಂದು ಹಟ ಹಿಡಿದರೆ ಪಂಚಾಂಗ ಏನು ಮಾಡೀತು?

2020ರ ನವೆಂಬರ್‌ವರೆಗೆ ಪಿಪ್ ಈ ಹಟಗಳನ್ನು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಮೊದಲು ಯಾರು ಕೇಳಿದರೋ ಅವರ ಮಾತು ನಡೆಸಿ, ಮುಂದೆ ಏನಾದರೂ ಆಗಲಿ ಎಂದು ಬಿಡುತ್ತಿತ್ತು. 20.3ರಲ್ಲಿ ಹೊಸ ರಿಸಾಲ್ವರ್ ಬಂದ ಮೇಲೆ ಎಲ್ಲರ ಷರತ್ತನ್ನೂ ಕೂಡಿಸಿ ನೋಡುತ್ತದೆ. ಹೊಂದದಿದ್ದರೆ ಒಂದೊಂದೇ ಹಳೆಯ ವರ್ಷನ್ ಇಳಿಸಿಕೊಂಡು ಹಿಂದೆ ಹಿಂದೆ ಹೋಗುತ್ತದೆ, ಕೊನೆಗೂ ಸಿಗದಿದ್ದರೆ ಆಗುವುದಿಲ್ಲ ಎಂದು ಖಡಾಖಂಡಿತ ಹೇಳುತ್ತದೆ. ಎಷ್ಟೋ ಜನ ಆಗ ಪಿಪ್ ಕೆಟ್ಟಿತು ಎಂದು ಬೈದರು. ಅದು ಅಲ್ಲಿಯವರೆಗೆ ನಾವೆಲ್ಲ ಬರೆದಿಟ್ಟಿದ್ದ ಸುಳ್ಳುಗಳನ್ನು ಓದಿ ಹೇಳಿತ್ತು, ಅಷ್ಟೇ.

ಈಗ ನಾನು ಕಣ್ಣಾರೆ ಕಂಡದ್ದು. ತೀರ್ಥಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರೊಬ್ಬರು ನನ್ನ ಸ್ನೇಹಿತರು. ಪ್ರತಿಭಾ ಕಾರಂಜಿಯ ಪ್ರಮಾಣಪತ್ರಗಳ ಮೇಲೆ ಮಕ್ಕಳ ಹೆಸರು ಅಚ್ಚಾಗುವಂತೆ ಯಾರೋ ಬರೆದಿಟ್ಟಿದ್ದ ಒಂದು ಪೈಥಾನ್ ಪ್ಯಾಕೇಜ್ ಅವರಿಗೆ ಸಿಕ್ಕಿತ್ತು. ಎಕ್ಸೆಲ್ ಪಟ್ಟಿ ಕೊಟ್ಟರೆ ಸಾಕು, ನೂರಾರು ಪ್ರಮಾಣಪತ್ರ ತಯಾರು. ಮೇಷ್ಟ್ರು ಪ್ರೋಗ್ರಾಮರ್ ಅಲ್ಲ, ಆದರೆ ಎರಡು ವರ್ಷ ಅದನ್ನು ಚೆನ್ನಾಗಿಯೇ ನಡೆಸಿದರು. ಆಮೇಲೆ ಶಾಲೆಗೆ ಹೊಸ ಲ್ಯಾಪ್‌ಟಾಪ್ ಬಂತು. ಅದರಲ್ಲಿ ಅದೇ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ ಓಡಿಸಿದರೆ ಕೆಂಪು ಅಕ್ಷರದಲ್ಲಿ ಉದ್ದನೆಯ ಎರರ್: ಇಮೇಜ್‌ಡ್ರಾ ಎಂಬುದಕ್ಕೆ ಟೆಕ್ಸ್ಟ್‌ಸೈಜ್ ಎಂಬುದು ಇಲ್ಲವಂತೆ. ಮಾರನೆಯ ದಿನ ಕಾರ್ಯಕ್ರಮ. ರಾತ್ರಿ ಫೋನ್ ಮಾಡಿ, "ಏನೋ ಡಿಲೀಟ್ ಆಗಿದೆ ಅನ್ನುತ್ತೆ, ನಾನೇನೂ ಮುಟ್ಟಿಲ್ಲ ಮಾರಾಯ್ರೆ" ಎಂದರು.

ಅವರು ಮುಟ್ಟಿರಲಿಲ್ಲ, ನಿಜ. ಚಿತ್ರದ ಮೇಲೆ ಅಕ್ಷರ ಬರೆಯಲು ಆ ಪ್ಯಾಕೇಜ್ ಪಿಲ್ಲೋ ಎಂಬ ಲೈಬ್ರರಿಯನ್ನು ನೆಚ್ಚಿಕೊಂಡಿತ್ತು. ಪಿಲ್ಲೋದವರು ಟೆಕ್ಸ್ಟ್‌ಸೈಜ್ ಅನ್ನು ತೆಗೆಯುತ್ತೇವೆ ಎಂದು 2022ರ ಜುಲೈನಲ್ಲಿ 9.2 ವರ್ಷನ್‌ನಲ್ಲೇ ಎಚ್ಚರಿಕೆ ಕೊಟ್ಟರು. ತೆಗೆದದ್ದು 2023ರ ಜುಲೈನಲ್ಲಿ, 10.0ರಲ್ಲಿ. ನಡುವೆ ಒಂದು ವರ್ಷ. ಬದಲಿಗೆ ಬಳಸಬೇಕಾದ ಟೆಕ್ಸ್ಟ್‌ಬಿಬಾಕ್ಸ್ 2020ರಿಂದಲೇ ಇತ್ತು. ಅವರ ಕಡೆಯಿಂದ ಇದಕ್ಕಿಂತ ಮರ್ಯಾದೆಯ ನಡೆ ಇರಲು ಸಾಧ್ಯವಿಲ್ಲ. ಪ್ರಮಾಣಪತ್ರದ ಪ್ಯಾಕೇಜ್ ಬರೆದವರು ಮಾತ್ರ ಪಟ್ಟಿಯಲ್ಲಿ 'ಪಿಲ್ಲೋ' ಎಂದಷ್ಟೇ ಬರೆದು ಹೋಗಿದ್ದರು. ಆ ಒಂದು ವರ್ಷದಲ್ಲಿ ಯಾವತ್ತಾದರೂ ಒಂದು ಟೆಸ್ಟ್ ಓಡಿಸಿದ್ದರೆ ಎಚ್ಚರಿಕೆ ಅವರ ಕಣ್ಣಿಗೆ ಬೀಳುತ್ತಿತ್ತು. ಎಚ್ಚರಿಕೆ ಬರುತ್ತಿದ್ದದ್ದು ಮೇಷ್ಟ್ರ ಯಂತ್ರದಲ್ಲಿ, ಅದೂ ಅವರಿಗೆ ಕಾಣದ ಹಾಗೆ. ಏಕೆಂದರೆ ಪೈಥಾನ್ ಡಿಪ್ರಿಕೇಷನ್ ವಾರ್ನಿಂಗ್‌ಗಳನ್ನು ಲೈಬ್ರರಿಯ ಒಳಗಿಂದ ಬಂದರೆ ಸಾಮಾನ್ಯ ಬಳಕೆದಾರರಿಗೆ ತೋರಿಸುವುದಿಲ್ಲ. ಅದು ಸರಿಯಾದ ಏರ್ಪಾಡೇ. ಆ ವಾರ್ನಿಂಗ್ ನಿಮಗಾಗಿ ಬರೆದದ್ದು. ದಯವಿಟ್ಟು ನಿಮ್ಮ ಟೆಸ್ಟ್‌ಗಳಲ್ಲಿ ಡಿಪ್ರಿಕೇಷನ್ ವಾರ್ನಿಂಗ್ ಬಂದರೆ ಟೆಸ್ಟ್ ಫೇಲ್ ಆಗುವಂತೆ ಇಟ್ಟುಕೊಳ್ಳಿ. ಪೈಟೆಸ್ಟ್‌ನಲ್ಲಿ ಅದು ಒಂದು ಸಾಲಿನ ಸೆಟ್ಟಿಂಗ್.

ಮೇಷ್ಟ್ರ ಕತೆ ಅಲ್ಲಿಗೇ ಮುಗಿಯಲಿಲ್ಲ. ಪಿಲ್ಲೋದ ಹಳೆಯ ವರ್ಷನ್ ಹಾಕಿಸಿದೆ, ಎರರ್ ಹೋಯಿತು, ಪ್ರಮಾಣಪತ್ರ ಬಂತು. ಆದರೆ ಒತ್ತಕ್ಷರಗಳೆಲ್ಲ ಒಡೆದುಹೋಗಿದ್ದವು. ಸಿದ್ಧಲಿಂಗಯ್ಯ ಎಂಬ ಹುಡುಗನ ಹೆಸರಿನಲ್ಲಿ ಧಕಾರವೂ ಯಕಾರವೂ ಕೆಳಗಿಳಿಯದೆ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು. ಕನ್ನಡದ ಅಕ್ಷರ ಕೂಡಿಸಲು ಪಿಲ್ಲೋಗೆ ರಾಕ್ಮ್ ಎಂಬ ಇನ್ನೊಂದು ಲೈಬ್ರರಿ ಬೇಕು, ಅದಕ್ಕೆ ಹಾರ್ಫ್‌ಬಜ್ ಮತ್ತು ಫ್ರಿಬಿಡಿ ಬೇಕು. ವಿಂಡೋಸ್‌ನಲ್ಲಿ ಫ್ರಿಬಿಡಿಯನ್ನು ಬೇರೆಯಾಗಿ ತಂದು ಹಾಕಿಕೊಳ್ಳಬೇಕು. ಅದಿಲ್ಲದಿದ್ದರೆ ಪಿಲ್ಲೋ ಎರರ್ ಕೊಡುವುದಿಲ್ಲ, ಇಂಗ್ಲಿಷಿಗೆ ಸಾಕಾಗುವ ಸರಳ ಜೋಡಣೆಗೆ ತೆಪ್ಪಗೆ ಇಳಿಯುತ್ತದೆ. ಪಿಪ್ ಕಣ್ಣಿಗೆ ಇದು ಬೀಳುವುದೇ ಇಲ್ಲ, ಏಕೆಂದರೆ ಇದು ಪೈಥಾನ್ ಪ್ಯಾಕೇಜ್ ಅಲ್ಲ, ಸಿಸ್ಟಮ್ ಲೈಬ್ರರಿ. ಕನ್ನಡಕ್ಕಾಗಿ ಕೋಡ್ ಬರೆಯುವ ನಾವು ಇದನ್ನು ಇತರರಿಗಿಂತ ಹೆಚ್ಚು ನೆನಪಿಡಬೇಕು. ರಾಕ್ಮ್ ಇದೆಯೇ ಎಂದು ಕೇಳಲು ಪಿಲ್ಲೋದಲ್ಲೇ ಒಂದು ಫಂಕ್ಷನ್ ಇದೆ. ನಿಮ್ಮ ಪ್ಯಾಕೇಜ್ ಶುರುವಾಗುವಾಗಲೇ ಕೇಳಿ, ಇಲ್ಲವಾದರೆ ಅಲ್ಲೇ ನಿಲ್ಲಿಸಿ, ಏನು ಹಾಕಿಕೊಳ್ಳಬೇಕು ಎಂದು ಕನ್ನಡದಲ್ಲೇ ಹೇಳಿ. ತಪ್ಪು ಹೆಸರಿನ ಪ್ರಮಾಣಪತ್ರಕ್ಕಿಂತ ಪ್ರಮಾಣಪತ್ರ ಬಾರದಿರುವುದೇ ಮೇಲು.

ಇಷ್ಟು ಹೇಳಿದ ಮೇಲೆ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. "ಹಾಗಾದರೆ ಪಿಲ್ಲೋ 10ಕ್ಕಿಂತ ಕೆಳಗೆ ಎಂದು ಮೊದಲೇ ಬೇಲಿ ಹಾಕಿದ್ದರೆ ಆಗುತ್ತಿತ್ತಲ್ಲ? ಎಲ್ಲದಕ್ಕೂ ಹಾಗೇ ಹಾಕಿಬಿಡೋಣವೇ?"

ಬೇಡ. ಇಲ್ಲಿ ಲೈಬ್ರರಿಯನ್ನೂ ಅಪ್ಲಿಕೇಷನ್ನನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಅಪ್ಲಿಕೇಷನ್ ಎಂದರೆ ಕೊನೆಯ ಮನೆ, ಅದರ ಮೇಲೆ ಇನ್ನಾರೂ ಕಟ್ಟುವುದಿಲ್ಲ. ಅಲ್ಲಿ ಎಲ್ಲವನ್ನೂ ಬಿಗಿಯಾಗಿ ಕಟ್ಟಿ. ನೀವು ನೇರವಾಗಿ ಕರೆದವರನ್ನಷ್ಟೇ ಅಲ್ಲ, ಅವರು ಕರೆತಂದವರನ್ನೂ. 2023ರ ಸೆಪ್ಟೆಂಬರ್ 30ರಂದು ವರ್ಕ್‌ಜ್ಯೂಗ್ 3.0 ಬಂದಾಗ ಆದದ್ದು ನೋಡಿ. ಎಷ್ಟೋ ವೆಬ್‌ಸೈಟ್‌ಗಳ ಪಟ್ಟಿಯಲ್ಲಿ ಫ್ಲಾಸ್ಕ್ 2.2 ಎಂದು ಸಮ ಚಿಹ್ನೆ ಹಾಕಿ ಬಿಗಿದಿತ್ತು. ಫ್ಲಾಸ್ಕ್ ಮಾತ್ರ ತನಗೆ ವರ್ಕ್‌ಜ್ಯೂಗ್ 2.2 ಅಥವಾ ಅದಕ್ಕಿಂತ ಹೊಸದು ಯಾವುದಾದರೂ ಸರಿ ಎಂದಿತ್ತು. 3.0ರಲ್ಲಿ ಯುಆರ್‌ಎಲ್‌ಕೋಟ್ ಎಂಬ ಫಂಕ್ಷನ್ ಇರಲಿಲ್ಲ, ಫ್ಲಾಸ್ಕ್ 2.2ಕ್ಕೆ ಅದು ಬೇಕಿತ್ತು. ನಿನ್ನೆವರೆಗೆ ನಡೆಯುತ್ತಿದ್ದ ಸರ್ವರ್ ಒಂದು ಅಕ್ಷರವೂ ಬದಲಾಗದೆ ಮರುದಿನ ಹೊಸದಾಗಿ ಬಿಲ್ಡ್ ಮಾಡಿದ ಕೂಡಲೇ ಎದ್ದೇಳಲಿಲ್ಲ. ಲಾಕ್ ಫೈಲ್ ಇಟ್ಟುಕೊಂಡಿದ್ದವರು ಆ ದಿನ ಏನಾಯಿತೆಂದೇ ತಿಳಿಯದೆ ಕಾಫಿ ಕುಡಿದರು. ನೇರ ಡಿಪೆಂಡೆನ್ಸಿಗೆ ಮಾತ್ರ ಬೀಗ ಹಾಕಿ ಒಳಗಿನದನ್ನು ಬಿಟ್ಟವರು ಸಿಕ್ಕಿಬಿದ್ದರು. ಅಪ್ಲಿಕೇಷನ್ ಬರೆಯುವಾಗ ಯುವಿ, ಪೊಯೆಟ್ರಿ, ಪಿಪ್‌ಟೂಲ್ಸ್ ಯಾವುದಾದರೂ ಸರಿ, ಲಾಕ್ ಫೈಲ್ ಮಾಡಿ, ಅದನ್ನು ಗಿಟ್‌ಗೆ ಸೇರಿಸಿ. ಇದರಲ್ಲಿ ಎರಡು ಅಭಿಪ್ರಾಯ ಇಲ್ಲ.

ಲೈಬ್ರರಿಯ ಮಾತು ಬೇರೆ. ನಿಮ್ಮ ಲೈಬ್ರರಿಯ ಪಕ್ಕದಲ್ಲಿ ಇನ್ನೂ ಹತ್ತು ಲೈಬ್ರರಿಗಳು ಒಂದೇ ಎನ್ವಿರಾನ್‌ಮೆಂಟ್‌ನಲ್ಲಿ ಬಾಳಬೇಕು. ನೀವು ಸಮ ಚಿಹ್ನೆ ಹಾಕಿದ ಗಳಿಗೆಯೇ ಅವರೆಲ್ಲರ ದಾರಿಗೆ ಕಲ್ಲು ಇಟ್ಟಂತೆ. ಜಾವಾ ಲೋಕದ ಲಾಗ್‌ಫೋರ್‌ಜೆ ಪ್ರಕರಣ ನೆನಪಿಸಿಕೊಳ್ಳಿ. 2021ರ ಡಿಸೆಂಬರ್‌ನಲ್ಲಿ ಅದರ ಭದ್ರತಾ ದೋಷ ಹೊರಬಿದ್ದ ಮೇಲೆ 2.15, 2.16, 2.17.0, 2.17.1 ಎಂದು ಒಂದೇ ತಿಂಗಳಲ್ಲಿ ನಾಲ್ಕು ತಿದ್ದುಪಡಿಗಳು ಬಂದವು. ಮೊದಲನೆಯದರಲ್ಲಿ ಪೂರ್ತಿ ಸರಿಹೋಗದ್ದನ್ನು ಎರಡನೆಯದು, ಅದರಲ್ಲಿ ಉಳಿದದ್ದನ್ನು ಮೂರನೆಯದು ತಿದ್ದುತ್ತಾ ಬಂತು. ಅಂಥ ವಾರದಲ್ಲಿ ನಡುವಿನ ಯಾವುದೋ ಲೈಬ್ರರಿ ಒಂದೇ ವರ್ಷನ್‌ಗೆ ಅಂಟಿ ಕೂತು, ಅದರ ಮೇಂಟೇನರ್ ಊರಿಗೆ ಹೋಗಿದ್ದರೆ, ಅದನ್ನು ಬಳಸುವವರ ಗತಿ ಏನು?

ಸರಿ, ಸಮ ಚಿಹ್ನೆ ಬೇಡ, ಮುಂದಿನ ಮೇಜರ್ ವರ್ಷನ್‌ಗೆ ಬೇಲಿ ಹಾಕಿದರೆ? ಇದು ಕೇಳಲು ವಿವೇಕದ ಮಾತು. ಸೆಮ್ಯಾಂಟಿಕ್ ವರ್ಷನಿಂಗ್ ಎಂಬ ಪದ್ಧತಿ ಹೇಳುವುದೂ ಇದನ್ನೇ: ಮೊದಲ ಅಂಕಿ ಬದಲಾದರೆ ಮಾತ್ರ ಹಳೆಯದು ಮುರಿಯಬಹುದು, ನಡುವಿನದು ಬದಲಾದರೆ ಹೊಸದು ಸೇರಿದೆ, ಕೊನೆಯದಾದರೆ ತಪ್ಪು ತಿದ್ದಿದೆ. ಕಷ್ಟ ಏನೆಂದರೆ ಪೈಥಾನ್ ಲೋಕದ ದೊಡ್ಡವರೇ ಈ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಪೈಥಾನ್ 3.12 ಡಿಸ್ಟ್‌ಯುಟಿಲ್ಸ್ ಅನ್ನೇ ಕಿತ್ತುಹಾಕಿತು, ಬದಲಾದದ್ದು ನಡುವಿನ ಅಂಕಿ. ನಮ್‌ಪೈ 1.20ರಲ್ಲಿ ಎನ್‌ಪಿ ಡಾಟ್ ಫ್ಲೋಟ್ ಬಳಸಬೇಡಿ ಎಂದು ಹೇಳಿ 1.24ರಲ್ಲಿ ತೆಗೆದುಬಿಟ್ಟಿತು. 2022ರ ಡಿಸೆಂಬರ್‌ನಲ್ಲಿ ಅದರಿಂದ ಮುರಿದ ಪ್ಯಾಕೇಜ್‌ಗಳಲ್ಲಿ ಎಷ್ಟೋ ನಮ್‌ಪೈ 2ಕ್ಕಿಂತ ಕೆಳಗೆ ಎಂದು ಬೇಲಿ ಹಾಕಿಕೊಂಡೇ ಇದ್ದಿರಬೇಕು. ಬೇಲಿ ಕಾಯಲಿಲ್ಲ. ಇನ್ನೊಂದು ಕಡೆ, ಏನೂ ಮುರಿಯದ ಹೊಸ ಮೇಜರ್ ವರ್ಷನ್ ಬಂದಾಗಲೂ ಬೇಲಿ ತಡೆಯುತ್ತದೆ. ಪಿಲ್ಲೋದ ಮೊದಲ ಅಂಕಿ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಬದಲಾಗುತ್ತದೆ, ನೀವು ಬಳಸುವ ನಾಲ್ಕು ಫಂಕ್ಷನ್‌ಗಳಿಗೆ ಅದರಿಂದ ಬಹುತೇಕ ಸಲ ಏನೂ ಆಗುವುದಿಲ್ಲ.

ಬೇಲಿ ಹಾಕುವವರು ಮರೆಯುವ ಒಂದು ಸೂಕ್ಷ್ಮ ಇದೆ. ನಿಮ್ಮ ಪ್ಯಾಕೇಜ್‌ನ 1.0, 1.1, 1.2 ಬೇಲಿ ಇಲ್ಲದೆ ಹೊರಬಂದಿವೆ ಎಂದುಕೊಳ್ಳಿ. 1.3ರಲ್ಲಿ ಬೇಲಿ ಹಾಕಿದಿರಿ. ಬಳಕೆದಾರರ ಬಳಿ ಬೇಲಿಯ ಆಚೆಯ ಹೊಸ ವರ್ಷನ್ ಬೇಕೆನ್ನುವ ಇನ್ನೊಂದು ಪ್ಯಾಕೇಜ್ ಇದೆ. ಪಿಪ್ ಏನು ಮಾಡುತ್ತದೆ? 1.3 ಹೊಂದುವುದಿಲ್ಲ, ಹಿಂದೆ ಹೋಗುತ್ತದೆ, 1.2ರಲ್ಲಿ ಬೇಲಿಯೇ ಇಲ್ಲ, ಆಹಾ ಇದು ಹೊಂದುತ್ತದೆ ಎಂದು ಅದನ್ನೇ ಹಾಕುತ್ತದೆ. ಅಲ್ಲಿಗೆ ನಿಮ್ಮ ಬಳಕೆದಾರರಿಗೆ ಹಳೆಯ ಕೋಡ್, ಹೊಸ ಡಿಪೆಂಡೆನ್ಸಿ, ಎರಡೂ ಸೇರಿ ಖಂಡಿತ ಮುರಿಯುವ ಜೋಡಿ. ಪೈಪಿಐಗೆ ಒಮ್ಮೆ ಹಾಕಿದ ಫೈಲಿನ ಡಿಪೆಂಡೆನ್ಸಿ ಪಟ್ಟಿಯನ್ನು ಆಮೇಲೆ ತಿದ್ದಲು ಬರುವುದಿಲ್ಲ. ಹಳೆಯ ರಿಲೀಸ್‌ಗಳನ್ನು ಯಾಂಕ್ ಮಾಡಬಹುದು, ಆಗ ಅದನ್ನೇ ಹೆಸರಿಟ್ಟು ಕೇಳಿದವರನ್ನು ಬಿಟ್ಟು ಇತರರಿಗೆ ಪಿಪ್ ಅದನ್ನು ಕೊಡುವುದಿಲ್ಲ. ಕೊಂಡಾ ಫೋರ್ಜ್‌ನಲ್ಲಿ ಹೊರಬಂದ ಪ್ಯಾಕೇಜ್‌ನ ಮಾಹಿತಿಯನ್ನೂ ತಿದ್ದುವ ದಾರಿ ಇದೆ. ಪೈಪಿಐಯಲ್ಲಿ ಇಲ್ಲ. ಪೈಥಾನ್ ವರ್ಷನ್‌ಗೇ ಮೇಲಿನ ಬೇಲಿ ಹಾಕುವವರಿಗೂ ಇದೇ ಗತಿ, ಹಾಗಾಗಿ ಅದನ್ನಂತೂ ಮಾಡಲೇಬೇಡಿ.

ಬೇಲಿ ಬೇಕಾಗುವ ಸಂದರ್ಭ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ನಮ್‌ಪೈ 2.0 ಅಂಥದ್ದು. 2006ರಲ್ಲಿ 1.0 ಬಂದ ಮೇಲೆ ಮೊದಲ ಮೇಜರ್ ಬದಲಾವಣೆ 2024ರ ಜೂನ್ 16ರಂದು. ಇದರಲ್ಲಿ ಸಿ ಭಾಷೆಯ ಮಟ್ಟದ ಒಳಜೋಡಣೆಯೇ ಬದಲಾಯಿತು. 1.x ಜೊತೆ ಕಂಪೈಲ್ ಆದ ಪ್ಯಾಕೇಜ್ 2.0ರ ಜೊತೆ ನಡೆಯುವುದಿಲ್ಲ ಎಂಬುದು ಊಹೆಯಾಗಿರಲಿಲ್ಲ, ಮೊದಲೇ ತಿಳಿದಿದ್ದ ಸಂಗತಿ. ನಮ್‌ಪೈ ತಂಡದವರು ತಾವೇ ಮುಂದಾಗಿ, ಕಂಪೈಲ್ ಮಾಡುವ ಪ್ಯಾಕೇಜ್‌ಗಳವರು ಸದ್ಯಕ್ಕೆ 2ಕ್ಕಿಂತ ಕೆಳಗೆ ಎಂದು ಬರೆಯಿರಿ, ತಯಾರಾದ ಮೇಲೆ ತೆಗೆಯಿರಿ ಎಂದು ಕೇಳಿಕೊಂಡರು. ಪ್ರಾಯೋಗಿಕ ರಿಲೀಸ್‌ಗಳನ್ನು ತಿಂಗಳುಗಟ್ಟಲೆ ಮೊದಲೇ ಹೊರಬಿಟ್ಟರು. 2.0 ಜೊತೆ ಕಂಪೈಲ್ ಮಾಡಿದ್ದು 1.x ಜೊತೆಗೂ ನಡೆಯುವಂತೆ ಏರ್ಪಾಡು ಮಾಡಿದರು. ಹೆಸರು ಬದಲಾದ ಕಡೆಗಳನ್ನು ತಾನೇ ತಿದ್ದಿಕೊಡುವ ನಿಯಮವೊಂದು ರಫ್ ಎಂಬ ಟೂಲ್‌ನಲ್ಲಿ ಬಂತು. ಅಷ್ಟಾದರೂ ಮುರಿದವರಿಗಾಗಿ ಎರರ್ ಸಂದೇಶದಲ್ಲೇ ಏನಾಗಿದೆ, ಬಳಕೆದಾರರು ಏನು ಮಾಡಬೇಕು, ಪ್ಯಾಕೇಜ್ ಬರೆದವರು ಏನು ಮಾಡಬೇಕು ಎಂದು ಬಿಡಿಸಿ ಬರೆದಿಟ್ಟರು. ನೀವು ಏನನ್ನಾದರೂ ಮುರಿಯಲೇಬೇಕಾಗಿ ಬಂದಾಗ ಈ ಕೆಲಸದ ಬಗ್ಗೆ ಒಮ್ಮೆ ಕೂತು ಓದಿ. ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ನನಗೆ ಸಿಕ್ಕಿಲ್ಲ.

ಹಾಗಾಗಿ ಬೇಲಿಯ ಬಗ್ಗೆ ನನ್ನ ಕೋರಿಕೆ ಹೀಗಿದೆ: ಮುರಿಯುತ್ತದೆ ಎಂದು ಗೊತ್ತಿದ್ದರೆ ಹಾಕಿ, ಮುರಿದೀತು ಎಂಬ ಹೆದರಿಕೆಗೆ ಹಾಕಬೇಡಿ. ಹಾಕಿದರೆ ಪಕ್ಕದಲ್ಲೇ ಕಾರಣವನ್ನೂ ತಾರೀಖನ್ನೂ ಕಾಮೆಂಟಿನಲ್ಲಿ ಬರೆಯಿರಿ. ಕಾರಣ ಬರೆಯದ ಬೇಲಿಯನ್ನು ಮುಂದೆ ಬರುವ ಯಾರೂ ತೆಗೆಯುವ ಧೈರ್ಯ ಮಾಡುವುದಿಲ್ಲ. ಐದು ವರ್ಷ ಹಳೆಯ ಬೇಲಿಗಳು ಹಾಗೇ ನಿಂತಿರುವುದನ್ನು ದೊಡ್ಡ ಪ್ರಾಜೆಕ್ಟ್‌ಗಳಲ್ಲೂ ಕಂಡಿದ್ದೇನೆ.

ಮೇಲಿನ ತುದಿಯ ಬಗ್ಗೆ ಇಷ್ಟು ಜಗಳವಾಡುವ ನಾವು ಕೆಳಗಿನ ತುದಿಯ ಸುದ್ದಿಯನ್ನೇ ಎತ್ತುವುದಿಲ್ಲ. ನಮ್‌ಪೈ 1.17 ಅಥವಾ ಮೇಲೆ ಎಂದು ಬರೆದಿರುತ್ತೀರಿ. 1.17ರಲ್ಲಿ ಎಂದಾದರೂ ಓಡಿಸಿದ್ದೀರಾ? ನಡುವೆ ಎಂದೋ 1.20ರಲ್ಲಿ ಬಂದ ಹೊಸ ಸೌಲಭ್ಯವೊಂದನ್ನು ಬಳಸಿರುತ್ತೀರಿ, ಕೆಳಗಿನ ಅಂಕಿಯನ್ನು ಮುಟ್ಟಿರುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲೂ ಟೆಸ್ಟ್ ಸರ್ವರ್‌ನಲ್ಲೂ ಯಾವಾಗಲೂ ಇತ್ತೀಚಿನದೇ ಇರುವುದರಿಂದ ಇದು ನಿಮಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಹಳೆಯ ಸರ್ವರ್ ಇರುವ ಯಾರಿಗೋ. ಯುವಿಯಲ್ಲಿ ನೇರ ಡಿಪೆಂಡೆನ್ಸಿಗಳೆಲ್ಲದರ, ನಿಮ್ಮ ಪಟ್ಟಿ ಒಪ್ಪುವ ಅತಿ ಹಳೆಯ ವರ್ಷನ್‌ಗಳನ್ನೇ ಆರಿಸಿ ಇನ್‌ಸ್ಟಾಲ್ ಮಾಡುವ 'ಲೋಯೆಸ್ಟ್ ಡೈರೆಕ್ಟ್' ಎಂಬ ಆಯ್ಕೆ ಇದೆ. ಅದನ್ನು ಬಳಸಿ ಒಂದು ಟೆಸ್ಟ್ ಇಡಿ. ಇನ್ನೊಂದು ಟೆಸ್ಟ್, ಹೊರಬರಲಿರುವ ಪ್ರಾಯೋಗಿಕ ವರ್ಷನ್‌ಗಳ ಮೇಲೆ, ವಾರಕ್ಕೊಮ್ಮೆ ತಾನಾಗಿಯೇ ಓಡಲಿ. ಕೋಡ್ ಬದಲಾಗದಿದ್ದರೂ ಓಡಬೇಕು, ಏಕೆಂದರೆ ಬದಲಾಗುತ್ತಿರುವುದು ನೀವಲ್ಲ, ಸುತ್ತಲಿನವರು. ಎರಡು ತುದಿಯಲ್ಲೂ ಹಸಿರು ಟಿಕ್ ಇದ್ದರೆ ನಡುವಿನದರ ಬಗ್ಗೆ ಬಹಳ ಚಿಂತೆ ಬೇಡ.

ಹೊಸದೆಲ್ಲ ಒಳ್ಳೆಯದು ಎಂದೂ ತಿಳಿಯಬೇಡಿ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಕಂಪ್ರೆಷನ್ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದು ಬಯಲಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಯಂತ್ರಕ್ಕೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದ್ದರಿಂದ ಸಿಕ್ಕಿತು. ಹಳೆಯ ವರ್ಷನ್‌ನಲ್ಲಿದ್ದ ಡೆಬಿಯನ್ ಸ್ಟೇಬಲ್ ಬಳಕೆದಾರರಿಗೆ ಏನೂ ಆಗಲಿಲ್ಲ. ಹಾಗಾಗಿ ಡಿಪೆಂಡಬಾಟ್ ಕಳಿಸುವ ಅಪ್‌ಡೇಟ್‌ಗಳನ್ನು ಬಂದ ಗಂಟೆಯಲ್ಲೇ ಒಪ್ಪಿಕೊಳ್ಳದೆ, ಭದ್ರತಾ ತಿದ್ದುಪಡಿಗಳನ್ನು ಬಿಟ್ಟು ಉಳಿದವಕ್ಕೆ ಕೆಲವು ದಿನ ಕಾಯುವುದು ಜಾಣತನ. ಆ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಆ ಲೈಬ್ರರಿಯನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ಸಹಾಯ ಮಾಡುತ್ತೇನೆ ಎಂದು ಬಂದವನಿಗೆ ಕೀಲಿಕೈ ಕೊಟ್ಟರು.

ಆದ್ದರಿಂದ ಇಷ್ಟೆಲ್ಲ ಕೆಲಸ ಹೇಳಿ ನಿಮ್ಮ ರಾತ್ರಿಗಳನ್ನು ಇನ್ನೂ ಕಸಿಯುವುದು ನನ್ನ ಉದ್ದೇಶವಲ್ಲ. ಕೆಲಸ ಕಡಿಮೆ ಮಾಡುವ ಅತಿ ಸುಲಭದ ದಾರಿ ಡಿಪೆಂಡೆನ್ಸಿಯನ್ನೇ ಕಡಿಮೆ ಮಾಡುವುದು. 2016ರ ಮಾರ್ಚ್‌ನಲ್ಲಿ ಎನ್‌ಪಿಎಂನಿಂದ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜ್ ಮಾಯವಾದ ಕೂಡಲೇ ಬ್ಯಾಬೆಲ್‌ನಂಥ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತಿತು. ಹತ್ತು ಸಾಲಿನಲ್ಲಿ ನೀವೇ ಬರೆಯಬಹುದಾದದ್ದಕ್ಕೆ ಇನ್ನೊಬ್ಬರ ರಿಲೀಸ್ ಕ್ಯಾಲೆಂಡರ್‌ಗೆ ಕೈ ಕಟ್ಟಿಕೊಳ್ಳಬೇಡಿ. ಹಾಗೆಂದು ಎನ್‌ಕ್ರಿಪ್ಷನ್ ಕೋಡ್ ಸ್ವಂತಕ್ಕೆ ಬರೆಯಲು ಹೋಗಬೇಡಿ, ಅಷ್ಟು ವಿವೇಚನೆ ನಿಮಗಿದೆ.

ಹಳೆಯ ಪೈಥಾನ್‌ಗಳನ್ನು ಎಷ್ಟು ಕಾಲ ಹೊರುವುದು ಎಂದು ಕೇಳುವವರೂ ಇದ್ದಾರೆ. ಸೈಂಟಿಫಿಕ್ ಪೈಥಾನ್ ಬಳಗದ ಸ್ಪೆಕ್ ಸೊನ್ನೆ ಎಂಬ ಒಪ್ಪಂದ, ಒಂದು ಪೈಥಾನ್ ವರ್ಷನ್ ಬಂದು ಮೂರು ವರ್ಷವಾದ ಮೇಲೆ ಅದನ್ನು ಕೈಬಿಡಬಹುದು ಎನ್ನುತ್ತದೆ. ಪೈಥಾನ್‌ನವರೇ ಭದ್ರತಾ ತಿದ್ದುಪಡಿ ಕೊಡುವುದು ಐದು ವರ್ಷ. ನಾನು ನಮ್ಮ ಕಡೆಯವರಿಗೆ ಐದರ ಹತ್ತಿರವೇ ನಿಲ್ಲಿ ಎನ್ನುತ್ತೇನೆ. ಜಿಲ್ಲಾ ಕೇಂದ್ರದಾಚೆಯ ಕಾಲೇಜು ಲ್ಯಾಬ್‌ಗಳಲ್ಲಿ ಉಬುಂಟು 20.04 ಇರುವ ಯಂತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವುಗಳಲ್ಲಿ ಇರುವುದು ಪೈಥಾನ್ 3.8. ಅವಕ್ಕೂ ಸದಾ ಹೊಸದನ್ನು ಕೊಡಿ ಎಂದು ಹೇಳಲಾರೆ. ಆದರೆ ಕೈಬಿಡುವಾಗ ರಿಕ್ವೈರ್ಸ್ ಪೈಥಾನ್ ಎಂಬ ಸಾಲಿನಲ್ಲಿ ಕೆಳಗಿನ ಅಂಕಿಯನ್ನು ತಪ್ಪದೆ ಏರಿಸಿ. ಅದೊಂದು ಸಾಲು ಇದ್ದರೆ ಹಳೆಯ ಯಂತ್ರದ ಪಿಪ್ ನಿಮ್ಮ ಹೊಸ ರಿಲೀಸ್ ಅನ್ನು ಬಿಟ್ಟು, ತನಗೆ ಹೊಂದುವ ಕೊನೆಯ ರಿಲೀಸ್ ಅನ್ನು ತಾನೇ ಹುಡುಕಿ ಹಾಕಿಕೊಳ್ಳುತ್ತದೆ. 2017ರಲ್ಲಿ ಐಪೈಥಾನ್ 6.0 ಪೈಥಾನ್ 2ಕ್ಕೆ ವಿದಾಯ ಹೇಳಿದ್ದು ಹೀಗೆಯೇ. ಆ ಸಾಲನ್ನು ಮರೆತರೆ ಹೊಸ ಕೋಡ್ ಹಳೆಯ ಪೈಥಾನ್ ಮೇಲೆ ಬಂದು ಕೂತು, ಲ್ಯಾಬ್‌ನಲ್ಲಿರುವ ವಿದ್ಯಾರ್ಥಿಗೆ ಅರ್ಥವಾಗದ ಸಿಂಟ್ಯಾಕ್ಸ್ ಎರರ್ ಎಸೆಯುತ್ತದೆ.

ಬಳಕೆದಾರರಿಂದ ದೂರು ಬಂದಾಗ ಮೊದಲ ಉತ್ತರವಾಗಿ ಇನ್‌ಸ್ಟಾಲ್ ಆಗಿರುವ ವರ್ಷನ್‌ಗಳ ಪಟ್ಟಿ ಕೇಳಿ, ಅದನ್ನು ತೆಗೆಯುವ ಕಮ್ಯಾಂಡ್ ಏನೆಂದು ಅಲ್ಲೇ ಬರೆದುಕೊಡಿ. "ನನ್ನ ಯಂತ್ರದಲ್ಲಿ ನಡೆಯುತ್ತೆ" ಎಂಬ ಉತ್ತರ ಯಾರಿಗೂ ಉಪಕಾರವಾಗುವುದಿಲ್ಲ. ನೀವು ಇನ್ನೊಬ್ಬರ ಲೈಬ್ರರಿ ಬಗ್ಗೆ ದೂರು ಬರೆಯುವಾಗಲೂ ಅದೇ ಪಟ್ಟಿಯನ್ನು ಕೇಳುವ ಮೊದಲೇ ಕೊಡಿ. ಅವರೂ ನಿಮ್ಮ ಹಾಗೆ ಊಟವಾದ ಮೇಲೆ ಕೂತವರು.

ಕೊನೆಯದಾಗಿ, ಕೈಬಿಟ್ಟವರಿಗೆ ಒಂದು ಮಾತು. ಮದುವೆಯಾಗಿರಬಹುದು, ಕೆಲಸ ಬದಲಾಗಿರಬಹುದು, ಸುಮ್ಮನೆ ಬೇಸರ ಬಂದಿರಬಹುದು. ಪ್ಯಾಕೇಜ್ ನಿಲ್ಲಿಸುವುದು ತಪ್ಪಲ್ಲ, ನಿಲ್ಲಿಸಿದ್ದನ್ನು ಹೇಳದಿರುವುದು ಕಷ್ಟ. ರೀಡ್‌ಮೀ ಫೈಲಿನ ಮೊದಲ ಸಾಲಿನಲ್ಲಿ ಇದನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ, ಕೊನೆಯ ಸಲ ನಡೆದದ್ದು ಇಂತಿಂಥ ವರ್ಷನ್‌ಗಳ ಜೊತೆ ಎಂದು ಬರೆಯಿರಿ. ಪೈಪಿಐ ವರ್ಗೀಕರಣದಲ್ಲಿ 'ಇನ್‌ಆಕ್ಟಿವ್' ಎಂಬ ಆಯ್ಕೆ ಇದೆ, ಅದನ್ನು ಗುರುತಿಸಿ ಒಂದು ಕೊನೆಯ ರಿಲೀಸ್ ಮಾಡಿ. ರೆಪಾಸಿಟರಿಯನ್ನು ಆರ್ಕೈವ್ ಮಾಡಿ. ಹತ್ತು ನಿಮಿಷದ ಕೆಲಸ. ಮೇಷ್ಟ್ರ ಪ್ರಮಾಣಪತ್ರದ ಪ್ಯಾಕೇಜ್ ಬರೆದವರು ಈ ಪತ್ರ ಓದುತ್ತಿದ್ದರೆ, ಅದನ್ನು ನೋಡಿಕೊಳ್ಳಲು ನಾನು ತಯಾರಿದ್ದೇನೆ. ಅದರಲ್ಲಿ ಇಶ್ಯೂ ತೆರೆದು ಕೇಳಿದ್ದೇನೆ, ದಯವಿಟ್ಟು ಉತ್ತರಿಸಿ.

ಇಂತಿ ನಿಮ್ಮ ವಿಶ್ವಾಸಿ,
ಸಣ್ಣ ಲೈಬ್ರರಿಗಳ ಒಬ್ಬ ಹಳೆಯ ಮೇಂಟೇನರ್
ಶಿವಮೊಗ್ಗ